ನಾಗಲಿಂಗನ ಮೇಜಿನ ಗಂಟುಗಳು

ಇಳಕಲ್ಲಿನ ನಾಗಲಿಂಗನ ಮನೆಯಲ್ಲಿ ಮಗ್ಗವಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಮೇಜಿದೆ. ಕಣ್ಣು ಮಂಜಾಗುತ್ತ ಬಂದು, ಸೀರೆಯ ಬಣ್ಣಗಳು ಒಂದೊಂದಾಗಿ ಮಾಸಿ, ಕೊನೆಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುವ ಹೊತ್ತಿಗೆ ಅವನು ಮಗ್ಗ ಬಿಟ್ಟ. ಬಿಟ್ಟವನು ಕೈಕಟ್ಟಿ ಕೂರಲಿಲ್ಲ. ಹುಬ್ಬಳ್ಳಿಗೆ ಹೋಗಿ, ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಕಲಿತು ಬಂದ. ಈಗ ಬಾದಾಮಿ, ಹುನಗುಂದ, ಕೆರೂರಿನ ಕಣ್ಣು ಕಾಣದ ಮಕ್ಕಳಿಗೆ ದಿನಾ ಬೆಳಿಗ್ಗೆ ಮನೆಯಿಂದಲೇ ಆನ್‌ಲೈನ್ ಪಾಠ ಹೇಳುತ್ತಾನೆ. ಇಂಥವನನ್ನೂ ಮೆಚ್ಚದವರಿದ್ದರೆ ಅವರಿಗೊಂದು ದೊಡ್ಡ ನಮಸ್ಕಾರ.

ಅವನಿಗೊಂದು ಹಟವಿತ್ತು. ಊಟಕ್ಕೆ, ಓಡಾಟಕ್ಕೆ ಹೆಂಡತಿ ಮಹೇಶ್ವರಿಯನ್ನು ಕರೆದಾನು, ಆದರೆ ಆ ಮೇಜಿಗೆ ಮಾತ್ರ ಕರೆಯುತ್ತಿರಲಿಲ್ಲ. ಒಮ್ಮೆ ಸಿಡಿಲಿಗೆ ಇಂಟರ್ನೆಟ್ ಡಬ್ಬಿ ಸುಟ್ಟುಹೋದಾಗಿನಿಂದ ಪಾಠ ಮುಗಿದೊಡನೆ ಎಲ್ಲ ವೈರು ಕಿತ್ತಿಡುತ್ತಿದ್ದ. ಬೆಳಿಗ್ಗೆ ತಾನೇ ಜೋಡಿಸುತ್ತಿದ್ದ. ಗುರುತು ಸಿಗಲೆಂದು ಮೈಕಿನ ವೈರಿಗೆ ಹತ್ತಿ ನೂಲಿನ ಒಂಟಿ ಗಂಟು, ಸ್ಪೀಕರಿನದಕ್ಕೆ ಜೋಡಿ ಗಂಟು, ಇಂಟರ್ನೆಟ್ಟಿನದಕ್ಕೆ ನುಣುಪು ರೇಷ್ಮೆ ಎಳೆ, ಹೀಗೆ ಕಟ್ಟಿಕೊಂಡಿದ್ದ. ಕೈಯಾಡಿಸಿದರೆ ಸಾಕು, ಯಾವುದು ಎಲ್ಲಿಗೆಂದು ಬೆರಳಿಗೆ ತಿಳಿಯುತ್ತಿತ್ತು.

ಮಹೇಶ್ವರಿಗೆ ಮಾತ್ರ ಆ ಮೇಜು ನೋಡಿದರೆ ಮೈ ಉರಿಯುತ್ತಿತ್ತು. ಸಿಕ್ಕಾದ ವೈರು, ಅದರ ಮೇಲೆ ಬಣ್ಣಗೆಟ್ಟ ನೂಲಿನ ಚಿಂದಿ. ಅವಳೂ ನೇಕಾರರ ಮಗಳು. ದಸರೆಯ ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ಮಗ್ಗದ ಮೇಲೆ ಹಳೆಯ ನೂಲಿನ ಒಂದು ತುಣುಕೂ ಉಳಿಯಬಾರದು ಎಂಬುದು ತವರಿನಲ್ಲಿ ಕಲಿತ ರೀತಿ. ಈಗ ಗಂಡನ ಮಗ್ಗವೆಂದರೆ ಇದೇ ತಾನೆ? ಆ ದಸರೆಗೆ ನಾಗಲಿಂಗ ನವನಗರದ ಅಕ್ಕನ ಮನೆಗೆ ಹೋಗಿದ್ದಾಗ ಅವಳು ಸೆರಗು ಕಟ್ಟಿ ನಿಂತಳು. ಓಣಿಯ ನವೀದನ ಮೊಬೈಲ್ ಅಂಗಡಿಯಿಂದ ವೈರು ಕಟ್ಟುವ ಕರಿ ಪಟ್ಟಿಗಳನ್ನು ತಂದು, ನೂಲನ್ನೆಲ್ಲ ಕತ್ತರಿಸಿ, ವೈರುಗಳನ್ನು ನೀಟಾಗಿ ಸುತ್ತಿ, ಮೇಜಿನ ಹಿಂದೆ ಸಾಲಾಗಿ ಬಿಗಿದಳು. ವಿಭೂತಿ ಹಚ್ಚಿ ಹೂ ಏರಿಸಿದಳು. ನೋಡಲು ಎರಡು ಕಣ್ಣು ಸಾಲದಾಯಿತು. ನಾಗಲಿಂಗ ಮರಳಿ ಬಂದು ಊದುಬತ್ತಿಯ ವಾಸನೆ ಹಿಡಿದು ನಕ್ಕ. ಮೇಜು ಮುಟ್ಟುವ ಕೆಲಸ ಆ ದಿನ ಇರಲಿಲ್ಲ.

ಹಬ್ಬ ಮುಗಿದ ಮೇಲಿನ ಮೊದಲ ಪಾಠ. ಕೆರೂರಿನ ಗೀತಾಂಜಲಿ ಅಂದು ಯಾರ ನೆರವೂ ಇಲ್ಲದೆ ತನ್ನ ಮೊದಲ ಅರ್ಜಿ ಟೈಪು ಮಾಡಿ ತೋರಿಸುವವಳಿದ್ದಳು. ಮಹೇಶ್ವರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಾಠದ ಹೊತ್ತಾದರೂ ಗಂಡನ ದನಿ ಇಲ್ಲ. ಆಮೇಲೆ ಕೇಳಿಸಿತು.

"ಮಹೇಶ್ವರಿ, ಒಂದೀಟು ಇಲ್ಲಿ ಬಾ."

ಆ ಮೇಜಿನಿಂದ ಅವನು ಕರೆದದ್ದು ಅದೇ ಮೊದಲು. ಓಡಿ ಬಂದರೆ, ನಾಗಲಿಂಗ ಕೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದ.

"ನನ್ನ ನೂಲು ಎಲ್ಲಿ ಅದಾವು?"

"ಖಂಡೆ ಪೂಜಿಗೆ ಚಂದ ಕಾಣ್ಲಿ ಅಂತ ತಗದು ಒಲಿಗೆ ಹಾಕಿದೆನ್ರಿ."

"ಚಂದ ಕಾಣತಿರಬೇಕು ಬಿಡು," ಎಂದ ಅವನು. ಕೊಂಕಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಅಂದು ಅವಳೇ ವೈರು ಜೋಡಿಸಿದಳು. ಅರ್ಜಿ ಚೆನ್ನಾಗಿಯೇ ಬಂತು. ಆದರೆ ಪಾಠ ಮುಗಿದ ಮೇಲೆ ನಾಗಲಿಂಗ ವೈರು ಕೀಳಲು ಕೈ ಚಾಚಿ, ಹಾಗೆಯೇ ಹಿಂದೆಗೆದುಕೊಂಡ. ಮಹೇಶ್ವರಿ ಅದನ್ನು ಕಂಡಳು. ನೂಲಿನ ಬುಟ್ಟಿ ತಂದು ಅವನ ಪಕ್ಕದಲ್ಲಿ ಕೂತಳು.

"ಹೇಳ್ರಿ, ನಾ ಕಟ್ತೇನಿ."

ಎಳೆಗೆ ಎಳೆ ಕೂಡಿಸುವುದರಲ್ಲಿ ಪಳಗಿದ ಕೈ ಅವಳದು. ಗಂಟು ಹಾಕಿ, ಉಜ್ಜಿ, ವೈರನ್ನು ಅವನ ಕೈಗಿಟ್ಟಳು. ನಾಗಲಿಂಗ ತಡಕಿದ, ಮತ್ತೆ ತಡಕಿದ, ಆಮೇಲೆ ನಗತೊಡಗಿದ.

"ಗಂಟು ಎಲ್ಲಿ ಐತಿ ಮಾರಾಯ್ತಿ?"

ಕೈಗೆ ಸಿಗದಂತೆ ಗಂಟು ಹಾಕುವುದೇ ನೇಕಾರರ ಹೆಮ್ಮೆ. ಇಲ್ಲಿ ಬೇಕಾದದ್ದು ಕೈಗೆ ಸಿಗುವ ಗಂಟು. ಅಷ್ಟು ವರ್ಷ ನೇಯ್ದ ಕೈಗೆ ಅದೆಲ್ಲ ಮರೆಸಿ, ಈ ಒರಟು ಗಂಟು ಕಲಿಸಲು ಇವನು ಎಷ್ಟು ಹೆಣಗಿರಬೇಕು ಎಂದು ಅವಳಿಗೆ ಆಗ ಹೊಳೆಯಿತು. ಕಣ್ಣು ತುಂಬಿ ಬಂತು.

"ಕಣ್ಣು ಮುಚ್ಚಿ ಕಟ್ಟು," ಎಂದ ಅವನು. ಮುಚ್ಚಿದಳು. ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಕರಿ ಪಟ್ಟಿಗಳೂ ಉಳಿದವು, ಮೇಲೆ ನೂಲೂ ಬಂತು.

ಮರುದಿನ ಅವಳು ಒಲೆಯ ಮುಂದೆ ಕಿವಿಯಾಗಿ ಕೂತಳು. ಯಾರೂ ಕರೆಯಲಿಲ್ಲ. ಒಳಗಿಂದ ಬಂದದ್ದು ಇಷ್ಟೇ: "ಗೀತಾಂಜಲಿ, ನನ್ನ ದನಿ ಕೇಳಸ್ತೈತೇನವಾ?" ಹಂಚಿನ ಮೇಲಿನ ರೊಟ್ಟಿ ಸೀದದ್ದೂ ಅವಳಿಗೆ ತಿಳಿಯಲಿಲ್ಲ.

ಮುಂದಿನ ದಸರೆಯಲ್ಲಿ ಮಹೇಶ್ವರಿ ಮೇಜು ಒರೆಸಿ, ಹೂ ಏರಿಸಿದಳು. ಆಮೇಲೆ ಕಣ್ಣು ಮುಚ್ಚಿ, ಬೆರಳಿನಿಂದ ತಡಕುತ್ತ, ಒಂದೊಂದು ಗಂಟಿಗೂ ವಿಭೂತಿ ಹಚ್ಚಿದಳು.