ಅಚ್ಚುಕಟ್ಟು ಕಂಪನಿ, ಗಡಿಬಿಡಿ ಕಂಪನಿ

ತಾರ್ನಾಕದ ನಮ್ಮ ಮನೆಯ ಮಹಡಿಯಲ್ಲಿ ಇಬ್ಬರು ಪೈಲಟ್‌ಗಳು ಬಾಡಿಗೆಗಿದ್ದಾರೆ. ಸಿಕಂದರಾಬಾದಿನ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಬಾಡಿಗೆಗೆ ಬರುವವರನ್ನು ಎರಡೇ ಮಾತು ಕೇಳುತ್ತೇನೆ: ಕನ್ನಡ ಬರುತ್ತದೆಯೇ, ಗೇಟಿನ ಚಿಲಕ ಹಾಕುವ ಅಭ್ಯಾಸವಿದೆಯೇ. ಎರಡಕ್ಕೂ ಹೌದು ಎಂದವರು ಇವರಿಬ್ಬರು. ಒಬ್ಬ ಮೈಸೂರಿನವನು, ಇನ್ನೊಬ್ಬ ಬೀದರದವನು. ಇಬ್ಬರೂ ಹಾರಿಸುವುದು ಸಣ್ಣ ಊರುಗಳಿಗೆ ಹೋಗುವ, ರೆಕ್ಕೆಯ ಮೇಲೆ ಪಂಖ ತಿರುಗುವ ವಿಮಾನಗಳನ್ನು. ಕಂಪನಿ ಮಾತ್ರ ಬೇರೆ ಬೇರೆ.

ಆ ಕಂಪನಿಗಳಿಗೆ ಹೆಸರು ನಾನೇ ಇಟ್ಟಿದ್ದೆ. ಮೈಸೂರಿನವನದು ಅಚ್ಚುಕಟ್ಟು ಕಂಪನಿ. ಯಾವ ದಿನ ಯಾವ ಊರು ಎಂದು ತಿಂಗಳು ಹುಟ್ಟುವ ಮೊದಲೇ ತಿಳಿಸುತ್ತಾರೆ, ಆಮೇಲೆ ಬದಲಿಸುವುದಿಲ್ಲ. ಕರೆದೊಯ್ಯುವ ಕಾರು ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತದೆ, ಹಾರ್ನ್ ಕೂಡ ಮಾಡುವುದಿಲ್ಲ. ಬೀದರದವನದು ಗಡಿಬಿಡಿ ಕಂಪನಿ. ಬೆಳಿಗ್ಗೆ ಕಡಪ ಎಂದವರು ಮಧ್ಯಾಹ್ನ ರಾಜಮಹೇಂದ್ರಿ ಎನ್ನುತ್ತಾರೆ. ಅವರ ಚಾಲಕ ಒಮ್ಮೆ ಪಕ್ಕದ ಮನೆಯ ಪ್ರೊಫೆಸರನ್ನು ಕೂರಿಸಿಕೊಂಡು ಶಂಶಾಬಾದ್ ವಿಮಾನ ನಿಲ್ದಾಣದ ದಾರಿ ಹಿಡಿದಿದ್ದ. ಪಾಪ, ಅವರು ಹೊರಟಿದ್ದು ರೈಲಿಗೆ.

ಎರಡರಲ್ಲಿ ಕೆಲಸಕ್ಕೆ ಯಾವುದು ಮೇಲು ಎಂದು ನಾನೇನೂ ತಲೆ ಕೆಡಿಸಿಕೊಂಡಿರಲಿಲ್ಲ. ನನ್ನ ತಂಗಿಯ ಮಗಳು ಗದಗಿನಿಂದ ಬಂದಿಳಿದ ಮೇಲೆ ಅದು ಮನೆಯ ಪ್ರಶ್ನೆಯಾಯಿತು. ಅವಳೂ ಪೈಲಟ್ ತರಬೇತಿ ಮುಗಿಸಿದವಳು. ಕೆಲಸಕ್ಕಾಗಿ ಬಹಳ ಕಾಲ ಕಾದಿದ್ದಳು. ಕಾದು ಕಾದು ಬೇಸತ್ತಾಗ ಒಂದೇ ವಾರದಲ್ಲಿ ಎರಡೂ ಕಂಪನಿಗಳು ಕರೆದವು. ಸೋಮವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕು. ಸೇರಿದರೆ ಕೆಲವು ವರ್ಷ ಬಿಡುವಂತಿಲ್ಲ ಎಂಬ ಕರಾರು ಎರಡೂ ಕಡೆ ಇತ್ತು. ಆರಿಸುವುದರಲ್ಲಿ ಎಡವಿದರೆ ಆ ವರ್ಷಗಳೆಲ್ಲ ಹಲ್ಲು ಕಚ್ಚಿಕೊಂಡು ಕಳೆಯಬೇಕು. ನನ್ನ ಮನಸ್ಸು ಯಾವ ಕಡೆಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಮಹಡಿಯವರಿಬ್ಬರನ್ನೂ ತಿಂಡಿಗೆ ಕರೆದೆ. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ಕರೆದದ್ದು ನಿಜವಾಗಿ ವಿಚಾರಣೆಗೆ.

"ಊಟದ ವ್ಯವಸ್ಥಾ ಹೆಂಗ?" ಎಂದು ಶುರುಮಾಡಿದೆ.

"ನಮ್ಮಲ್ಲಿ ಡಬ್ಬಿ ಬಿಸಿಯಾಗೇ ಬರುತ್ತೆ ಆಂಟಿ. ರುಚಿ ಮಾತ್ರ ಕೇಳಬೇಡಿ" ಎಂದ ಮೈಸೂರಿನವನು. ನೆಗಡಿಯಿಂದ ಅವನ ದನಿ ಮೂಗಿನಲ್ಲೇ ಸಿಕ್ಕಿಕೊಂಡಿತ್ತು.

"ನಮ್ಮ ಡಬ್ಬಿ ಕಡಪಕ್ಕ ಹೋಗಿರ್ತದರಿ, ನಾವು ರಾಜಮಹೇಂದ್ರಿಗೆ ಹೋಗಿರ್ತೀವಿ" ಎಂದ ಬೀದರದವನು.

ತಂಗಿಯ ಮಗಳು ತನಗೆ ಬೇಕಾದದ್ದನ್ನೇ ಕೇಳಿದಳು. "ಕೋ-ಪೈಲಟ್ ಕೈಯಾಗ ವಿಮಾನ ಇಳಿಸಾಕ ಕೊಡ್ತಾರೇನು?"

"ಒಂದು ಸಲ ಕ್ಯಾಪ್ಟನ್, ಒಂದು ಸಲ ನಾವು. ನಮ್ಮಲ್ಲಿ ಅದು ರೂಲು."

"ನಮ್ಮಲ್ಲಿ ಕ್ಯಾಪ್ಟನ್ ಮೂಡ್ ಛಲೋ ಇರಬೇಕು. ಇರಲಿಲ್ಲಂದ್ರ ರೇಡಿಯೋದಾಗ ಮಾತಾಡಕೋತ ಕುಂದ್ರೋದು" ಎಂದು ಬೀದರದವನು ಒಪ್ಪಿಕೊಂಡ.

"ಕೇಳಿದೇನವಾ?" ಎಂದೆ ನಾನು.

"ದೊಡ್ಡವ್ವ, ನೀ ಜಡ್ಜ್ ಏನು, ಅವರ ಕಂಪನಿ ವಕೀಲ ಏನು?"

"ವಕೀಲರೇರಿ" ಎಂದ ಬೀದರದವನು. "ನಮ್ಮ ವಕೀಲ ಇನ್ನಾ ಬಂದಿಲ್ಲ. ಪ್ರೊಫೆಸರ್ ಮನಿ ಮುಂದ ನಿಂತು ಹಾರ್ನ್ ಹೊಡ್ಯಾಕತ್ತಿರಬೇಕು."

ನಗು ನಿಲ್ಲುವ ಮೊದಲೇ ಮೈಸೂರಿನವನಿಗೆ ಫೋನ್ ಬಂತು. ಕೈಗೆಲ್ಲ ಮಿರ್ಚಿಯ ಎಣ್ಣೆ. ಕಿರುಬೆರಳಿನಿಂದ ಸ್ಪೀಕರ್ ಒತ್ತಿದ. ಡ್ಯೂಟಿ ಹಂಚುವ ಕಚೇರಿಯ ಹೆಣ್ಣುಮಗಳು, ಮರ್ಯಾದೆಯ ಇಂಗ್ಲಿಷಿನಲ್ಲಿ ಸಂಜೆಯ ತಿರುಪತಿ ವಿಮಾನವನ್ನು ನೆನಪಿಸಿದಳು. ನೆಗಡಿಯಾಗಿದೆ, ಕಿವಿ ಕಟ್ಟಿದೆ ಎಂದ ಇವನು. ಅವಳ ದನಿ ಒಂದಿಷ್ಟೂ ಏರಲಿಲ್ಲ. ಕಂಪನಿಯ ಡಾಕ್ಟರು ಹನ್ನೊಂದಕ್ಕೆ ಮನೆಗೇ ಬಂದು ನೋಡುತ್ತಾರೆ, ಅವರು ಹೇಳುವವರೆಗೆ ನೀವು ಡ್ಯೂಟಿಯಲ್ಲೇ ಇದ್ದೀರಿ, ಈ ಮಳೆಗಾಲದಲ್ಲಿ ಇದು ಎರಡನೇ ಸಲವಾದ್ದರಿಂದ ಮೇಲಿನವರಿಗೆ ಕಾರಣ ಬರೆದುಕೊಡಬೇಕು ಎಂದಳು.

"ಇಲ್ಲ ಇಲ್ಲ, ಡಾಕ್ಟರೇನೂ ಬೇಡ. ಬರ್ತೀನಿ" ಎಂದು ಇವನು ಫೋನ್ ಇಟ್ಟುಬಿಟ್ಟ.

ಕಿವಿ ಕಟ್ಟಿದವರು ಹಾರಬಾರದು. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಏರುತ್ತದೆ. ಒಳಗಿನ ದಾರಿ ಮುಚ್ಚಿದ್ದರೆ ಕಿವಿಯ ಪರದೆ ಹರಿಯಬಹುದು. ಆ ನೋವು ಬರುವುದು, ಹಿಂದೆ ಕುಳಿತವರನ್ನೆಲ್ಲ ನೆಲ ಮುಟ್ಟಿಸಬೇಕಾದ ಹೊತ್ತಿಗೇ.

"ಮೂಗು ಹಿಡಿ. ಬಾಯಿ ಮುಚ್ಚು. ಮೆತ್ತಗ ಊದು" ಎಂದೆ. ಊದಿದ. "ಕಿವಿ ಟಪ್ ಅಂತೇನು?"

"ಇಲ್ಲ ಆಂಟಿ."

"ಹಂಗಾದ್ರ ತಿರುಗಿ ಫೋನ್ ಮಾಡು. ಡಾಕ್ಟರು ಬರಲಿ."

ಡಾಕ್ಟರು ಹನ್ನೊಂದಕ್ಕೆ ಸರಿಯಾಗಿ ಬಂದರು. ಹೊರಗೇ ಬೂಟು ಬಿಚ್ಚಿ, ಕೈ ತೊಳೆದು, ಕಿವಿ ನೋಡಿ, ವಾಸಿಯಾಗುವವರೆಗೆ ಹಾರಾಟ ಬೇಡವೆಂದು ಬರೆದರು. ಮತ್ತೆ ಕೈ ತೊಳೆದರು. ಅಂಥವರಿಗೆ ಚಹಾ ಕೊಡುವುದೇ ಒಂದು ಖುಷಿ. ಅವರು ಹೋದ ಮೇಲೆ, ಎಲ್ಲ ಎಷ್ಟು ನೀಟಾಗಿ ನಡೆಯಿತು ನೋಡು ಎಂಬಂತೆ ತಂಗಿಯ ಮಗಳ ಕಡೆ ತಿರುಗಿದೆ. ಅವಳು ಖಾಲಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು.

"ನೀ ಇರಲಿಲ್ಲಂದ್ರ ಅಂವ ಹೋಗತಿದ್ದ, ದೊಡ್ಡವ್ವ."

"ಕಂಪನಿ ಏನ್ ತಪ್ಪು ಮಾಡೇತಿ? ಡಾಕ್ಟರು ಬರತಾರ ಅಂದ್ರು, ಬಂದ್ರು."

"ತಪ್ಪೇನಿಲ್ಲ. ಆದ್ರ ಕಾರಣ ಬರದುಕೊಡು ಅಂದ ಕೂಡಲೇ ಅಂವ ಬರ್ತೀನಿ ಅಂದ. ನಾನೂ ಹಂಗ ಅಂತೀನಿ. ನನ್ನ ಸ್ವಭಾವ ನನಗ ಗೊತ್ತೈತಿ."

ನನಗೂ ಗೊತ್ತಿತ್ತು. ಜ್ವರ ಬಂದಾಗಲೂ ಯಾರಿಗೂ ತಿಳಿಸದೆ ಪರೀಕ್ಷೆ ಬರೆದು ಬಂದವಳು ಅವಳು.

"ನಿಮ್ಮಲ್ಲಿ ಹೆಂಗರಿ?" ಎಂದು ಬೀದರದವನನ್ನು ಕೇಳಿದಳು.

"ನಮ್ಮವರಿಗೆ ವಿಚಾರಣಿ ಮಾಡ್ಲಿಕ್ಕ ಪುರಸತ್ ಎಲ್ಲದರಿ? ಮೈಯಾಗ ಆರಾಮಿಲ್ಲಂದ್ರ ಮಲ್ಕೋ ಅಂತಾರ, ಇನ್ನೊಬ್ಬಂಗ ಫೋನ್ ಹಚ್ಚತಾರ. ನಾ ಹೇಳೋದೇನು, ನೀವೇ ಕೇಳ್ರಿ."

ಅವಳು ಆಗಲೇ ಗಡಿಬಿಡಿ ಕಂಪನಿಯ ನಂಬರ್ ಒತ್ತಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಒಬ್ಬ ಮನುಷ್ಯ ಎತ್ತಿದ. ಭಾನುವಾರವೂ ಕಚೇರಿಯಲ್ಲಿದ್ದ, ಅದು ಅವನ ಹೆಚ್ಚುಗಾರಿಕೆ. ಯಾರು, ಯಾವ ಕೆಲಸ ಎಂದು ಎರಡು ಸಲ ಹೇಳಿಸಿಕೊಂಡ. ಹಾರಬೇಕಾದ ದಿನ ಮೈ ಸರಿಯಿಲ್ಲದಿದ್ದರೆ ಹಾರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು ಎಂದು ಇವಳು ಹಿಂದಿಯಲ್ಲಿ ಕೇಳಿದಳು.

"ಆಪೀಚ್ ಮೇಡಂ, ಔರ್ ಕೌನ್?" ಎಂದ. ನೀವೇ, ಇನ್ಯಾರು ಎಂದು. ಆಮೇಲೆ ಗಾಬರಿಯಿಂದ, ಈಗ ಯಾರಿಗೆ ಹುಷಾರಿಲ್ಲ ಎಂದೂ ವಿಚಾರಿಸಿದ.

ಯಾರಿಗೂ ಏನೂ ಆಗಿಲ್ಲ, ನಾನು ನಿಮ್ಮಲ್ಲಿ ಸೇರುತ್ತೇನೆ ಎಂದಳು ತಂಗಿಯ ಮಗಳು. ಬಂದಂದಿನಿಂದ ಗಂಟುಹಾಕಿಕೊಂಡಿದ್ದ ಅವಳ ಹುಬ್ಬು ಸಡಿಲವಾಯಿತು.

ಸೇರಲು ಬುಧವಾರ ಬನ್ನಿ ಎಂದ ಆ ಮನುಷ್ಯ. ಬುಧವಾರ ಕೋಣೆ ಖಾಲಿಯಿಲ್ಲ, ಗುರುವಾರ ಬನ್ನಿ ಎಂದ. ಹಿಂದಿನಿಂದ ಯಾರೋ ಏನೋ ಅಂದರು. ಬುಧವಾರವೇ ಆದರೂ ಆದೀತು, ಹೇಳುತ್ತೇನೆ ಎಂದು ಫೋನ್ ಇಟ್ಟ.

"ಈಗೇನ್ ಮಾಡ್ಲಿ, ದೊಡ್ಡವ್ವ?"

"ಬುಧವಾರ ಹೋಗು. ಬ್ಯಾಡಂದ್ರ ಗುರುವಾರ ಮತ್ತ ಹೋಗು. ಈಗ ತಾಟು ತಗೊಂಡು ಏಳು" ಎಂದೆ.