ಮಾಸ್ತರು ಹೇಳಿದ್ದ ಅಡ್ಡಗೆರೆ

ಮಕ್ಕಳೇ, ನೀವು ಟ್ಯಾಬಿನಲ್ಲಿ ಹಾಕಿಕೊಟ್ಟ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ನಿನ್ನೆ ಒಂದು ಪದ ಸಾಲಿನ ನಟ್ಟನಡುವೆ ತುಂಡಾಗಿತ್ತು. ಮಾರ್-ನಿಂಗ್. ಆ ಅಡ್ಡಗೆರೆ ಕಂಡದ್ದೇ ಮೈ ಉರಿಯಿತು. ಟ್ಯಾಬು ಮಗುಚಿಟ್ಟೆ...

ನಿಮ್ಮ ತಾತ ತೀರಿಹೋದ ಮೇಲೆ ನನಗೆ ಟೈಪಿಂಗ್ ಕಲಿಸಿದವರು ಮಲ್ಕಾಜ್‌ಗಿರಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮಾಸ್ತರು. ರೈಲ್ವೆ ಕಚೇರಿಯಿಂದ ನಿವೃತ್ತರಾದವರು. ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಇಂಗ್ಲಿಷ್ ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ಬೆರಳು ಮಾತ್ರ ಓಡುತ್ತಿತ್ತು.

"ಸಣ್ಣ ಗೆರಿ ಪದ ಕೂಡಿಸ್ತೈತಿ, ಉದ್ದ ಗೆರಿ ಮಾತು ನಿಲ್ಲಿಸ್ತೈತಿ. ಮಷಿನ್‌ದಾಗ ಉದ್ದಂದು ಇಲ್ಲ, ಸಣ್ಣದನ್ನ ಎರಡು ಸಲ ಹೊಡಿ ತಂಗಿ," ಎನ್ನುತ್ತಿದ್ದರು.

ಊರ ತುಂಬ ಕಂಪ್ಯೂಟರ್ ಕಚೇರಿಗಳು ಏಳುತ್ತಿದ್ದ ಕಾಲ. ಬೇಗಂಪೇಟೆಯ ಒಂದು ಕಚೇರಿಯಲ್ಲಿ ವಿದೇಶದ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಅಲ್ಲಿ ನಮ್ಮಿಬ್ಬರಿಗೂ ಕೆಲಸ ಸಿಕ್ಕಿತು. ನಾನು ಟೈಪ್ ಮಾಡುವವಳು, ಮಾಸ್ತರು ತಿದ್ದಿ ಸಹಿ ಹಾಕುವವರು. ಸಾಲಿನ ಕೊನೆಗೆ ಜಾಗ ಸಾಲದೆ ಪದ ಮುರಿದಿದ್ದರೆ, ಆ ಗೆರೆ ಸಮೇತ ಹೊಡೆಯಬೇಕೆಂದು ಸೂಪರ್‌ವೈಸರ್ ಅಪ್ಪಣೆ ಮಾಡಿದ. ಬೀದರ ಕಡೆಯವನು. ಮಾಸ್ತರು ನನ್ನ ಟೇಬಲ್ ಬಳಿಯೇ ನಿಂತು ಅವನಿಗೆ ಹೇಳಿದರು:

"ಸಾಹೇಬ್ರ, ಕಂಪ್ಯೂಟರ್‌ದಾಗ ಸಾಲು ಸರೀತಾವ್ರಿ. ಆ ಗೆರಿ ನಡುವ ಬಂದು ಕುಂದರತೈತಿ."

"ನಿಮ್ಮ ಖಟಖಟ ಮಷಿನ್ ಕಾಲ ಮುಗೀತು ಮಾಸ್ಟರ್ ಸಾಬ್. ಹೇಳಿದಷ್ಟು ಮಾಡ್ರಿ," ಎಂದು ಆತ ನಕ್ಕ. ಕೇಳಿಸಿಕೊಂಡವಳು ನಾನೊಬ್ಬಳೇ.

ವಿದೇಶದವರು ಕೆಲಸವನ್ನೆಲ್ಲ ತಿರಸ್ಕರಿಸಿದರು. ಪುಟಪುಟದಲ್ಲೂ ತುಂಡು ಪದಗಳು. ಸೂಪರ್‌ವೈಸರ್ ಎಲ್ಲರೆದುರು ಹಾಳೆಗಳನ್ನು ಮಾಸ್ತರ ಮುಖಕ್ಕೆ ಹಿಡಿದ.

"ಸಹಿ ಯಾರದೈತಿ? ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕುಂದ್ರಬೇಕು!"

"ನಾ ಮೊದಲೇ ಹೇಳಿದ್ದೆನ್ರಿ. ಈ ತಂಗಿ ಕೇಳ್ಯಾಳ," ಎಂದರು ಮಾಸ್ತರು.

ಆತ ನನ್ನತ್ತ ತಿರುಗಿದ. "ಖರೇ ಏನವಾ?"

ನಾನು ಕೀಬೋರ್ಡ್ ನೋಡುತ್ತ ಕುಳಿತೆ. ಕೆಲಸ ಹೋದರೆ ನಿಮ್ಮ ಅಮ್ಮನ ಓದು ನಿಂತೀತು ಎಂಬುದು ಆಮೇಲೆ ಹುಡುಕಿಕೊಂಡ ನೆಪ. ಅಷ್ಟು ಜನರೆದುರು ಬಾಯಿ ತೆರೆಯಲು ನಾಚಿಕೆ, ಅಷ್ಟೇ. ಸುಡಲಿ ಆ ನಾಚಿಕೆ!

ಮಾಸ್ತರು ಕೆಂಪು ಪೆನ್ಸಿಲನ್ನು ಜೇಬಿಗಿಟ್ಟುಕೊಂಡು ಹೊರಟುಹೋದರು. ಮರುವಾರ ಆ ಗೆರೆಗಳನ್ನು ಒಂದೊಂದಾಗಿ ಅಳಿಸಿದವಳು ನಾನೇ. ಅವರು ಸಹಿ ಹಾಕುತ್ತಿದ್ದ ಜಾಗದಲ್ಲಿ ಸೂಪರ್‌ವೈಸರ್ ನನ್ನಿಂದ ಸಹಿ ಹಾಕಿಸಿದ. ಹಾಕಿದೆ.

ಮೆಟ್ಟಿಲಲ್ಲಿ ಎದುರಾದರೆ ಮಾಸ್ತರು ಎಂದಿನಂತೆ "ಊಟ ಆತೇನ್ ತಂಗಿ?" ಎನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ಮೇಲಿತ್ತು. ಎರಡು ಬೇಸಿಗೆ ಕಳೆಯುವುದರೊಳಗೆ ತೀರಿಕೊಂಡರು...

ಆ ಸೂಪರ್‌ವೈಸರ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ನನ್ನ ಮೇಲಿನದು ಅದಕ್ಕಿಂತ ಹೆಚ್ಚು. ಅಂದು ನನ್ನ ಮಾತು ಬೇಕಿದ್ದವರು ಇಂದಿಲ್ಲ, ನೀವಾದರೂ ಓದಿ. ಹೌದು, ಮಾಸ್ತರು ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.