ಒಂದೂವರೆ ಗಂಟೆಯಲ್ಲಿ ಐದು ಮನೆಯ ಕಾಹ್ವಾ

ವಾದಿಯಲ್ಲಿ, ಅಂದರೆ ಬೆಟ್ಟದ ಒಣ ಹಳ್ಳದಲ್ಲಿ, ದಿಢೀರನೆ ನೀರು ಬಂದು ರಸ್ತೆ ಮುಳುಗಬಹುದಿತ್ತು. ಬೆಟ್ಟದ ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂದು ನಮ್ಮ ಎರಡೂ ಗಾಡಿಗಳು ಒಂದಕ್ಕೊಂದು ಗುದ್ದಬಹುದಿತ್ತು. ಯಾರಿಗಾದರೂ ತಲೆ ಸುತ್ತಬಹುದಿತ್ತು. ಯಾರಾದರೂ ಪಾಸ್‌ಪೋರ್ಟನ್ನು ಹೋಟೆಲಿನ ದಿಂಬಿನ ಕೆಳಗೆ ಬಿಟ್ಟು ಬರಬಹುದಿತ್ತು. ಈರುಳ್ಳಿ, ಬೆಳ್ಳುಳ್ಳಿಯನ್ನೇ ಮುಟ್ಟದ ಇಬ್ಬರ ತಟ್ಟೆಗೆ ಅಕ್ಕರೆಯಿಂದ ಕುರಿಮಾಂಸ ಬೀಳಬಹುದಿತ್ತು. ಸರ್ಕಾರಿ ಅಧಿಕಾರಿಗೆ ಅಂದೇ ಬೆಳಿಗ್ಗೆ ಜ್ವರ ಬರಬಹುದಿತ್ತು. ಅವರಿಗೆ ಬರದಿದ್ದರೆ ನನಗೆ ಬರಬಹುದಿತ್ತು. ಇದೆಲ್ಲವನ್ನೂ ಹಿಂದಿನ ವಾರವಿಡೀ ನಾನು ಮನಸ್ಸಿನಲ್ಲೇ ಒಂದೊಂದಾಗಿ ಅನುಭವಿಸಿ ಮುಗಿಸಿದ್ದೆ.

"ನೀವು ಪ್ರವಾಸದ ಕಂಪನಿಗೆ ಯಾಕ ಸೇರಿದ್ರೀ? ಇನ್ಶೂರೆನ್ಸ್‌ನಾಗ ಇರಬೇಕಿತ್ತು ನೋಡ್ರಿ" ಎಂದು ನನ್ನ ಹೆಂಡತಿ ಉಪ್ಪಿಟ್ಟು ಬಡಿಸುತ್ತಾ ಹೇಳಿದ್ದಳು.

ಕೋವಿಡ್ ಕಳೆದು ಒಮಾನಿಗೆ ಪ್ರವಾಸಿಗರು ಮತ್ತೆ ಬರತೊಡಗಿದ ಎರಡನೆಯ ಚಳಿಗಾಲವದು. ಧಾರವಾಡದಿಂದ ಬಂದ ನಾನು ಆಗ ಮಸ್ಕತ್ತಿನ ಅಲ್ ಅಜೈಬಾದ ಒಂದು ಪ್ರವಾಸ ಸಂಸ್ಥೆಯಲ್ಲಿ ಆಪರೇಷನ್ಸ್ ಮ್ಯಾನೇಜರ್. ನಮ್ಮದು 'ಗ್ರೌಂಡ್ ಹ್ಯಾಂಡ್ಲಿಂಗ್' ಕೆಲಸ. ಅಂದರೆ ಪ್ರವಾಸಿ ವಿಮಾನದಿಂದ ಇಳಿದಲ್ಲಿಂದ ಮತ್ತೆ ವಿಮಾನ ಹತ್ತುವವರೆಗೆ ಗಾಡಿ, ಊಟ, ಹೋಟೆಲು, ಗೈಡ್ ಎಲ್ಲ ನಮ್ಮ ತಲೆಯ ಮೇಲೆ. ಆ ನವೆಂಬರ್‌ನಲ್ಲಿ ಸರ್ಕಾರದ ಪರವಾಗಿ ಒಂದು 'ಫ್ಯಾಮ್ ಟ್ರಿಪ್' ನಡೆಸುವ ಹೊಣೆ ನಮಗೆ ಬಂದಿತ್ತು. ಪರದೇಶದ ಟ್ರಾವೆಲ್ ಏಜೆಂಟರನ್ನು ಸರ್ಕಾರವೇ ಕರೆಸಿ, ಊರು ತೋರಿಸಿ, ಉಣಿಸಿ, "ಇನ್ನು ನಿಮ್ಮ ಗಿರಾಕಿಗಳನ್ನು ಕಳಿಸಿ" ಎಂದು ಹೇಳುವ ಪರಿಚಯ ಪ್ರವಾಸ ಇದು. ಹೆಣ್ಣು ನೋಡುವ ಶಾಸ್ತ್ರವೆಂದರೂ ನಡೆದೀತು. ವ್ಯತ್ಯಾಸವಿಷ್ಟೇ, ಇಲ್ಲಿ ಬೆವರುವುದು ಗ್ರೌಂಡ್ ಹ್ಯಾಂಡ್ಲರ್.

ಕರ್ನಾಟಕ ಮತ್ತು ಮಹಾರಾಷ್ಟ್ರದಿಂದ ಎಂಟು ಮಂದಿ ಏಜೆಂಟರು ಬಂದಿದ್ದರು. ಸರ್ಕಾರದ ಕಡೆಯಿಂದ ಅಮಲ್ ಎಂಬ ಯುವ ಮಹಿಳಾ ಅಧಿಕಾರಿ. ಕಡಿಮೆ ಮಾತು, ನೇರ ನೋಟ. ಮೂರನೆಯ ದಿನ ನಿಜ್ವಾ ಪಟ್ಟಣದಾಚೆಯ ಬೆಟ್ಟದ ಹಳ್ಳಿಯೊಂದರಲ್ಲಿ ಸಲೀಂ ಎಂಬವರ ಮನೆಗೆ ಭೇಟಿ.

ಸಲೀಂ ಸೊಹಾರ್‌ನ ಕಾರ್ಖಾನೆಯೊಂದರಲ್ಲಿ ಬಹುಕಾಲ ಕ್ರೇನ್ ನಡೆಸಿದವರು. ಜೊತೆಗಿದ್ದ ನಮ್ಮವರಿಂದ ಹಿಂದಿ ಕಲಿತಿದ್ದರು. ನಿವೃತ್ತಿಯಾದ ಮೇಲೆ ಊರಿಗೆ ಬಂದು, ಅಜ್ಜನ ಮಣ್ಣಿನ ಮನೆಯನ್ನು ಕೈಯಾರೆ ಮೆತ್ತಿ, ಖರ್ಜೂರದ ತೊಲೆ ಬದಲಿಸಿ, ಅತಿಥಿಗೃಹ ಮಾಡಿದ್ದರು. ಮನೆ ಚೆಲುವಾಗಿತ್ತು, ಆದರೆ ಬರುವವರಿರಲಿಲ್ಲ. ಸರ್ಕಾರದ ಚಳಿಗಾಲದ ಪ್ರವಾಸ ಮಾರ್ಗಕ್ಕೆ ಸೇರಿದರೆ ಮುಖ್ಯ ರಸ್ತೆಯಲ್ಲಿ ಕಂದು ಬಣ್ಣದ ಫಲಕ ಬರುತ್ತದೆ, ಮನೆಯವರಿಗೆ ತರಬೇತಿ ಸಿಗುತ್ತದೆ, ಪ್ರವಾಸ ಮೇಳಗಳಲ್ಲಿ ಹೆಸರು ಹೇಳುತ್ತಾರೆ. ಸೇರದಿದ್ದರೆ?

"ಖಲಾಸ್. ಬೀಗ ಹಾಕ್ತೇನೆ" ಎಂದಿದ್ದರು ಸಲೀಂ. "ಮಗ ಸೊಹಾರ್‌ನಲ್ಲಿ ಗೇಟ್ ಕಾಯುವ ಕೆಲಸ ನೋಡಿಟ್ಟಿದ್ದಾನೆ. ಗೇಟ್‌ಗೂ ಅತಿಥಿಗಳು ಬರ್ತಾರೆ ಅಂತಾನೆ, ಕತ್ತೆ!"

ಅಮಲ್ ಅವರ ಷರತ್ತು ಒಂದೇ. ಮಾರ್ಗದ ಗುಂಪುಗಳು ಕತ್ತಲಾಗುವ ಮೊದಲು ಬೆಟ್ಟ ಇಳಿಯಬೇಕು. ಆದ್ದರಿಂದ ಪ್ರತಿ ತಾಣವೂ ಒಂದು ಗುಂಪನ್ನು ಒಂದೂವರೆ ಗಂಟೆಯಲ್ಲಿ ಸ್ವಾಗತಿಸಿ, ತೋರಿಸಿ, ಬೀಳ್ಕೊಡಬೇಕು. ಸಲೀಂ ಅದನ್ನು ಮಾಡಬಲ್ಲರೇ ಎಂಬುದನ್ನು ಅವರು ಅಂದು ಕಣ್ಣಾರೆ ನೋಡಿ ವರದಿ ಬರೆಯುವವರಿದ್ದರು. ಹಿಂದಿನ ವಾರ ಸಲೀಂ ಜೊತೆ ಎರಡು ಸಲ ತಾಲೀಮು ಮಾಡಿದ್ದೆ. ಕಾಹ್ವಾಕ್ಕೆ, ಅಂದರೆ ಅರಬ್ಬಿ ಕಾಫಿಗೆ, ಹದಿನೈದು ನಿಮಿಷ ಎಂದಾಗ ಅವರು ನನ್ನನ್ನು ಮರುಕದಿಂದ ನೋಡಿದ್ದರು. "ಹದಿನೈದು ನಿಮಿಷದಲ್ಲಿ ಎಂಜಿನ್ನಿಗೆ ಎಣ್ಣೆ ಹಾಕಬಹುದು ಭಾಯಿ."

ಅಂದು ನಾವು ಸರಿಯಾದ ಹೊತ್ತಿಗೇ ತಲುಪಿದೆವು. ನೀರೂ ಬರಲಿಲ್ಲ, ಆಡೂ ಬರಲಿಲ್ಲ. ನೆಲಹಾಸಿನ ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳ ಪಡಸಾಲೆಯಲ್ಲಿ, ಖರ್ಜೂರ, ಹಲ್ವಾ. ಹಿಡಿಕೆಯಿಲ್ಲದ ಪುಟ್ಟ ಬಟ್ಟಲುಗಳಿಗೆ ಸಲೀಂ ಏಲಕ್ಕಿ ಘಮಘಮಿಸುವ ಕಾಹ್ವಾ ಸುರಿದರು. ಎಲ್ಲವೂ ತಾಲೀಮಿನಂತೆಯೇ ನಡೆಯುತ್ತಿದೆಯಲ್ಲ ಎಂದು ನನಗೆ ಭಯವಾಗತೊಡಗಿತು.

ಆ ಭಯ ಸುಳ್ಳಾಗಲಿಲ್ಲ. ಬಾಗಿಲಲ್ಲಿ ಕೋಲು ಹಿಡಿದ ಮುದುಕರೊಬ್ಬರು ಕಾಣಿಸಿಕೊಂಡರು. ಪಕ್ಕದ ಮನೆಯವರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಸಲೀಂ ಮುಖ ಸಣ್ಣದಾಯಿತು. ನನ್ನನ್ನು ಮೂಲೆಗೆ ಕರೆದು ಹೇಳಿದರು: ನಾಲ್ಕು ಮನೆಯವರು ಒಲೆ ಹಚ್ಚಿ ಕಾಯುತ್ತಿದ್ದಾರೆ. ಈ ಊರಿನಲ್ಲಿ ಒಂದು ಮನೆಗೆ ಬಂದ ನೆಂಟ ಊರಿಗೇ ನೆಂಟ. ಅವರ ಹೊಸ್ತಿಲು ತುಳಿಯದೆ ಹೋದರೆ, "ಸಲೀಂ ನೆಂಟರನ್ನು ಬಚ್ಚಿಟ್ಟುಕೊಂಡ" ಎನ್ನುತ್ತಾರೆ.

"ತಾಲೀಮಿನಲ್ಲಿ ಯಾಕೆ ಹೇಳಲಿಲ್ಲ?"

"ತಾಲೀಮಿಗೆ ನೆಂಟರೇ ಬಂದಿರಲಿಲ್ಲವಲ್ಲ, ನೀನು ಮಾತ್ರ ಬಂದಿದ್ದೆ."

ಒಂದು ಮನೆಗೆ ಅರ್ಧ ಗಂಟೆಯೆಂದರೂ ಎರಡು ಗಂಟೆ. ಹೋದರೆ ಅಮಲ್ ಅವರ ವರದಿಯಲ್ಲಿ ಸಲೀಂ ನಾಪಾಸು. ಹೋಗದಿದ್ದರೆ ಸಲೀಂ ತಮ್ಮ ಊರಿನಲ್ಲೇ ನಾಪಾಸು. ನನ್ನ ಡ್ರೈವರ್, ಉಡುಪಿ ಕಡೆಯ ವಿಲ್ಫ್ರೆಡ್, ಖರ್ಜೂರ ಅಗಿಯುತ್ತಾ, "ಎಂತ ಸರ್, ನಿಮ್ಮ ಮುಖ ನೋಡಿದ್ರೆ ಯಾರೋ ತೀರಿಹೋದ ಹಾಗೆ ಉಂಟು" ಎಂದ. ನಾನು ವಿಷಯ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಬೆಳಗಾವಿಯ ಏಜೆಂಟ್ ಸುಮಿತ್ರಾಬಾಯಿ ಕಿವಿಗೊಟ್ಟು ಕೇಳಿಸಿಕೊಂಡರು. ಅರವತ್ತರ ಹೆಂಗಸು, ಮೊಣಕಾಲು ನೋವು, ಗಟ್ಟಿ ಗಂಟಲು.

"ಇಷ್ಟಕ್ಕ ಯಾಕ ಬೆವರತೀರಿ ತಮ್ಮಾ? ನಮ್ಮ ಕಡೆ ಬೀಗರನ್ನ ಮನಿ ಮನಿಗೆ ಕರೀತಾರಿಲ್ಲೋ? ಹೊತ್ತಿಲ್ಲಂದ್ರ ಏನ ಮಾಡ್ತಾರ? ಮನಿಯವರ ತಾಟು ತಗೊಂಡು ಬೀಗರ ಬಿಡದಿಗೆ ಬರ್ತಾರ. ಇದ ಬಿಡದಿ ಅಂತ ತಿಳಕೋರಿ. ಅವರನ್ನ ಇಲ್ಲಿಗೆ ಕರೀರಿ!"

ಸಲೀಂಗೆ ಹಿಂದಿಯಲ್ಲಿ ಹೇಳಿದೆ. ಅವರು ಆಗದೆಂದು ತಲೆಯಾಡಿಸಿದರು. ನಿಮ್ಮ ಕಾಹ್ವಾ ಹೊತ್ತು ತಂದು ನನ್ನ ಮಜ್ಲಿಸ್‌ನಲ್ಲಿ ಸುರಿಯಿರಿ ಎಂದು ನೆರೆಯವರಿಗೆ ಅವರು ಹೇಳುವಂತಿರಲಿಲ್ಲ, ಅದು ಧಿಮಾಕಾಗುತ್ತದೆ. "ನೆಂಟರು ಕೇಳಿದರೆ ಬೇರೆ ಮಾತು" ಎಂದು ಮೆಲ್ಲಗೆ ಸೇರಿಸಿದರು.

ಸುಮಿತ್ರಾಬಾಯಿ ಆಗಲೇ ಮೊಣಕಾಲು ಹಿಡಿದು ಎದ್ದಿದ್ದರು. "ನಾ ಕೇಳ್ತೀನಿ. ಆದ್ರ ನನಗ ಅರಬ್ಬಿ ಬರಂಗಿಲ್ಲ."

ಮಜ್ಲಿಸ್‌ನ ಆ ತುದಿಯಿಂದ ಅಮಲ್ ಇದನ್ನೆಲ್ಲ ನೋಡುತ್ತಿದ್ದರು. ಏನಾಯಿತೆಂದು ಕೇಳಿದರು. ಮುಚ್ಚಿಡಲು ನನಗೆ ಬುದ್ಧಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಅವರು ತಮ್ಮ ಕಾಗದಗಳನ್ನು ಖರ್ಜೂರದ ತಟ್ಟೆಯ ಕೆಳಗೆ ಸಿಕ್ಕಿಸಿ, "ಯಲ್ಲಾ ಮಾಮಾ" ಎಂದು ಸುಮಿತ್ರಾಬಾಯಿಯ ತೋಳು ಹಿಡಿದು ಹೊರಟರು. ಅರಬ್ಬಿಯಲ್ಲಿ ಯಲ್ಲಾ ಎಂದರೆ ನಡೆಯಿರಿ, ಮಾಮಾ ಎಂದರೆ ಅಮ್ಮ ಎಂದು ಆಮೇಲೆ ನಾನೇ ಬಾಯಿಯವರಿಗೆ ತಿಳಿಸಬೇಕಾಯಿತು.

ಕಿಟಕಿಯಿಂದ ನೋಡುತ್ತಿದ್ದೆ. ಫಲಜ್ ಕಾಲುವೆಯ ದಂಡೆಯ ಮೇಲೆ ಇಲಕಲ್ ಸೀರೆ ಮುಂದೆ, ಅಮಲ್ ಅವರ ಕಪ್ಪು ನಿಲುವಂಗಿ ಅಬಾಯಾ ಪಕ್ಕದಲ್ಲಿ. ಒಂದೊಂದು ಬಾಗಿಲಲ್ಲೂ ಸುಮಿತ್ರಾಬಾಯಿ ಕೈಮುಗಿದು ಕನ್ನಡದಲ್ಲೇ ಏನೋ ಹೇಳುತ್ತಿದ್ದರು, ಮೊಣಕಾಲು ತೋರಿಸುತ್ತಿದ್ದರು. ಅಮಲ್ ಅರಬ್ಬಿಯಲ್ಲಿ ಹೇಳುತ್ತಿದ್ದರು. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ಕಾಲು ನೋಯುವ ನೆಂಟರಿಗಾಗಿ ಕಾಹ್ವಾವೇ ನಡೆದುಬರುವುದರಲ್ಲಿ ಯಾರ ಮಾನಕ್ಕೂ ಕುಂದಿರಲಿಲ್ಲ.

ಹತ್ತೇ ನಿಮಿಷದಲ್ಲಿ ನಾಲ್ಕು ಮನೆಯವರೂ ಕೊಕ್ಕಿನ ಹೂಜಿ ಹಿಡಿದು ಬಂದರು. ಒಂದರಲ್ಲಿ ಕೇಸರಿ, ಒಂದರಲ್ಲಿ ಲವಂಗ, ಒಂದರಲ್ಲಿ ಬೆಟ್ಟದ ಗುಲಾಬಿ ನೀರು. ಕೋಲು ಹಿಡಿದ ಮುದುಕರ ಕಾಹ್ವಾ ಎಷ್ಟು ಕಹಿಯೆಂದರೆ ಪುಣೆಯ ಏಜೆಂಟ್ ಒಬ್ಬರ ಕಣ್ಣಲ್ಲಿ ನೀರು ಬಂತು. ಅದನ್ನು ಆನಂದಬಾಷ್ಪವೆಂದು ತಿಳಿದ ಮುದುಕರು ಮತ್ತೊಂದು ಬಟ್ಟಲು ಸುರಿದರು. ಯಾರ ಕಾಹ್ವಾ ಚೆನ್ನ ಎಂಬ ಜಗಳ ಶುರುವಾಯಿತು, ಸಲೀಂ ಪಂಚಾಯಿತಿ ಮಾಡಿ ಎಲ್ಲರಿಂದಲೂ ಬೈಸಿಕೊಂಡರು. ಮದುವೆ ಪ್ರವಾಸ ಏರ್ಪಡಿಸುವ ಒಬ್ಬರು, "ಇದೇ ಥರ ವರನ ಕಡೆಯವರಿಗೆ ಸ್ವಾಗತ ಮಾಡಬಹುದಾ?" ಎಂದು ಕೇಳಿದರು. ಒಂದೂವರೆ ಗಂಟೆ ತುಂಬಲು ಇನ್ನೂ ಐದು ನಿಮಿಷವಿದ್ದಾಗ ನಾವು ಎದ್ದೆವು.

ಸಲೀಂ ಮನೆ ಮಾರ್ಗಕ್ಕೆ ಸೇರಿತು. ಒಂದು ಸಣ್ಣ ಎಳೆದಾಟ ಮಾತ್ರ ಉಳಿದಿತ್ತು. ಸರ್ಕಾರವಾಗಲಿ ನಮ್ಮಂಥ ಸಂಸ್ಥೆಯಾಗಲಿ, ಚೆಂದದ್ದು ಕಂಡ ಕೂಡಲೇ ಅದಕ್ಕೊಂದು ಹೆಸರಿಟ್ಟು ಅಚ್ಚು ಹಾಕಿಸುವ ಚಟ ನಮಗೆ. ಮಾರ್ಗದ ಕೈಪಿಡಿಗೆ 'ಐದು ಮನೆಯ ಕಾಹ್ವಾ' ಎಂದು ನಾನೇ ಬರೆದೆ. ಸಲೀಂ ಫೋನ್ ಮಾಡಿದರು. "ಐದು ಅಂತ ಬರೀಬೇಡ ಭಾಯಿ. ಒಂದು ಮನೆಯಲ್ಲಿ ಸಾವಾಗಿರ್ತದೆ, ಇನ್ನೊಬ್ಬ ತೋಟಕ್ಕೆ ನೀರು ಬಿಡ್ತಿರ್ತಾನೆ. ಲೆಕ್ಕ ಬರೆದರೆ ನೆರೆಯವರು ನೌಕರರಾಗ್ತಾರೆ." ನಾನು ಅಳುಕುತ್ತಲೇ ಅಮಲ್ ಅವರಿಗೆ ತಿಳಿಸಿದೆ. ಅವರು "ಸರಿ. ರಸ್ತೆ, ಫಲಕ, ತರಬೇತಿ ನಮ್ಮದು. ಹೂಜಿ ಅವರದ್ದು" ಎಂದರು. ಇಂದಿಗೂ ಕೈಪಿಡಿಯಲ್ಲಿ 'ನೆರೆಯವರೊಡನೆ ಕಾಹ್ವಾ' ಎಂದಷ್ಟೇ ಇದೆ. ಸಾರ್ವಜನಿಕ ಹಣದಿಂದ ಪ್ರವಾಸಿಗರನ್ನು ಕರೆತರುವ ಕೆಲಸದಲ್ಲಿ ಅರ್ಧ ಭಾಗ ಏನನ್ನು ಕಟ್ಟಬೇಕೆಂಬುದು, ಉಳಿದರ್ಧ ಯಾವುದಕ್ಕೆ ಕೈ ಹಚ್ಚಬಾರದೆಂಬುದು. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಹಾಗಾದರೆ ಅಂದು ಏನೂ ಎಡವಟ್ಟಾಗಲಿಲ್ಲವೇ? ಆಯಿತು, ಒಂದೇ ಒಂದು. ಹೊರಡುವಾಗ ಎಂಟೂ ಮಂದಿಯನ್ನು ಎರಡು ಗಾಡಿಗಳಿಗೆ ಹತ್ತಿಸಿ, ಬಾಗಿಲು ಹಾಕಿ, ಯಾರಾದರೂ ಏನಾದರೂ ಮರೆತಿದ್ದಾರೆಯೇ ಎಂದು ನೋಡಲು ಮಜ್ಲಿಸ್‌ಗೆ ಓಡಿದೆ. ಏನೂ ಇರಲಿಲ್ಲ. ಹೆಮ್ಮೆಯಿಂದ ಹೊರಗೆ ಬಂದರೆ ಗಾಡಿಗಳೇ ಇರಲಿಲ್ಲ. ನಾನು ಹಿಂದಿನ ಗಾಡಿಯಲ್ಲಿದ್ದೇನೆಂದು ಮುಂದಿನವರು, ಮುಂದಿನದರಲ್ಲಿದ್ದೇನೆಂದು ಹಿಂದಿನವರು ತಿಳಿದು ಹೊರಟಿದ್ದರು. ನನ್ನ ಫೋನ್ ವಿಲ್ಫ್ರೆಡ್‌ನ ಗಾಡಿಯಲ್ಲಿ ಚಾರ್ಜ್ ಆಗುತ್ತಿತ್ತು.

ಸಾಕಷ್ಟು ಹೊತ್ತಿನ ಮೇಲೆ ವಿಲ್ಫ್ರೆಡ್ ತನ್ನ ಗಾಡಿಯವರನ್ನು ಬೆಟ್ಟದ ಬುಡದಲ್ಲಿ ಇಳಿಸಿ ಒಬ್ಬನೇ ಹಿಂತಿರುಗಿದ. "ಅರ್ಧ ಗಂಟೆ ಆಯ್ತು, ಯಾರೂ ನಮ್ಮನ್ನು ಹೆದರಿಸಲೇ ಇಲ್ಲ ಮಾರಾಯ್ರೆ. ಆಗ ಡೌಟ್ ಬಂತು" ಎಂದ.

ಅಷ್ಟರಲ್ಲಿ ನಾನು ನಾಲ್ಕನೆಯ ಮನೆಯ ಕಾಹ್ವಾ ಹೀರುತ್ತಿದ್ದೆ.